ನಲವತ್ತೇಳನೇ ಸೀಟಿನ ದೀಪ

ನಮ್ಮ ಟ್ರ್ಯಾಮ್ ಡಿಪೋದಲ್ಲಿ ಓತ್ಮಾರ್‌ನಷ್ಟು ಹುಷಾರಿನ ಚಾಲಕ ಇನ್ನೊಬ್ಬನಿರಲಿಲ್ಲ. ಹಳಿಯ ಮೇಲೆ ಪಾರಿವಾಳ ಕೂತಿದ್ದರೆ ಅದು ತಾನಾಗಿ ಏಳುವ ತನಕ ಕಾಯುತ್ತಿದ್ದ. ಅವಸರದವರು ಇಳಿದು ನಡೆದುಕೊಂಡು ಹೋಗಿ, ಕೆಲಸ ಮುಗಿಸಿಕೊಂಡು ಬಂದು, ಮತ್ತೆ ಅದೇ ಟ್ರ್ಯಾಮ್ ಹತ್ತುತ್ತಿದ್ದರು. ಒಮ್ಮೆ ಒಂದು ಶವಯಾತ್ರೆಗೆ ದಾರಿ ಬಿಟ್ಟವನು ಮರ್ಯಾದೆಗೆಂದು ಅದರ ಹಿಂದೆಯೇ ಸ್ಮಶಾನದ ಒಳಗಿನ ತನಕ ಟ್ರ್ಯಾಮ್ ಓಡಿಸಿಕೊಂಡು ಹೋದ. ಸ್ಮಶಾನದೊಳಗೆ ಹಳಿ ಇರುವುದಿಲ್ಲ ಎಂದು ನೀವು ಹೇಳಬಹುದು. ನಾನೂ ಅದನ್ನೇ ಹೇಳಿದೆ.

"ಎಲ್ಲರೂ ಹೋಗ್ತಿದ್ರು ಕಣೋ ಲುಬೋರ್," ಅಂದ ಅವನು.

ಕಮ್ಯುನಿಸ್ಟರ ಆಳ್ವಿಕೆಯ ಆ ಕಾಲದ ಪ್ರಾಗ್‌ನಲ್ಲಿ ನಾವು ಕೆಲಸ ಮಾಡಿದ್ದಕ್ಕಿಂತ ಕೈ ಎತ್ತಿದ್ದೇ ಹೆಚ್ಚು. ಮೀಟಿಂಗ್ ಮೇಲೆ ಮೀಟಿಂಗ್. ಯಾರಿಗೋ ಅಭಿನಂದನೆ, ಇನ್ಯಾರಿಗೋ ಖಂಡನೆ. ಯೂನಿಯನ್ ಅಧ್ಯಕ್ಷರಾದ ಕಾಮ್ರೇಡ್ ಬೆರ್ಕಾ ಮೊದಲು ಕೈ ಎತ್ತುವರು, ಆಮೇಲೆ ನಾವೆಲ್ಲ. ಓತ್ಮಾರ್ ಯಾವಾಗಲೂ ಮೂರನೇ ಸಾಲಿನಲ್ಲೇ ಕೂರುತ್ತಿದ್ದ. ಮುಂದಿನ ಎರಡು ಸಾಲಿನ ಕೈಗಳು ಅಲ್ಲಿಂದ ಚೆನ್ನಾಗಿ ಕಾಣುತ್ತವೆ. ಅವನ ಕೈ ಎಲ್ಲರಿಗಿಂತ ಕೊನೆಗೆ ಏಳುತ್ತಿತ್ತು, ಆದರೆ ತಡವಾಯಿತು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಅದೊಂದು ಕಲೆ. ನಾನು ಎಷ್ಟೋ ಸಲ ಪ್ರಯತ್ನಪಟ್ಟೆ, ಒಲಿಯಲಿಲ್ಲ. ನನ್ನ ಕೈ ಒಂದೋ ಬೇಗ ಎದ್ದು ಚಮಚಾ ಅನ್ನಿಸಿಕೊಳ್ಳುತ್ತಿತ್ತು, ಇಲ್ಲವೇ ತಡವಾಗಿ ಬೆರ್ಕಾ ಕಣ್ಣಿಗೆ ಬೀಳುತ್ತಿತ್ತು.

ಇಂಥ ಓತ್ಮಾರ್ ಐವತ್ತರ ಹೊಸ್ತಿಲಲ್ಲಿ ನಮ್ಮ ಕ್ಯಾಂಟೀನಿನ ಅಡುಗೆಯವಳಾದ ವ್ಲಾಸ್ತಾಳನ್ನು ಮದುವೆಯಾಗುವ ಮನಸ್ಸು ಮಾಡಿದ. ವ್ಲಾಸ್ತಾ ನೇರ ಹೆಂಗಸು. ಸೂಪು ಸೀದುಹೋದ ದಿನ ಬಾಗಿಲ ಹಲಗೆಯ ಮೇಲೆ ತಾನೇ 'ಇವತ್ತು ಸೂಪು ಸೀದಿದೆ' ಎಂದು ಬರೆದು ಹಾಕುವಳು. ಮಾಂಸದ ಸಾರಿನ ಜೊತೆ ಎಲ್ಲರಿಗೂ ಕೊಡುವ ಬೇಯಿಸಿದ ಹಿಟ್ಟಿನ ಉಂಡೆಗಳಲ್ಲಿ ಓತ್ಮಾರ್‌ಗೆ ಮಾತ್ರ ಒಂದು ಹೆಚ್ಚು ಹಾಕುತ್ತಿದ್ದಳು. ಅದು ಅವನ ಗಮನಕ್ಕೆ ಬರಲು ಒಂದು ಚಳಿಗಾಲ, ಒಂದು ಬೇಸಿಗೆ ಹಿಡಿಯಿತು. ಅಷ್ಟರಲ್ಲಿ ಅವನ ಸೊಂಟದ ಪಟ್ಟಿಗೆ ಎರಡು ಹೊಸ ತೂತು ಬಿದ್ದಿದ್ದವು.

ಪ್ರಾಗ್‌ನಲ್ಲಿ ಆಗ ಗಂಡು ಸಿಗುತ್ತಿತ್ತು, ಹೆಣ್ಣು ಸಿಗುತ್ತಿತ್ತು, ಮನೆ ಸಿಗುತ್ತಿರಲಿಲ್ಲ. ಓತ್ಮಾರ್ ಯಾರದೋ ಮನೆಯ ಅರ್ಧ ಕೋಣೆಯಲ್ಲಿ ಬಾಡಿಗೆಗಿದ್ದ. ಇನ್ನರ್ಧದಲ್ಲಿ ಮನೆಯವರ ಬೀರುವಿತ್ತು, ಅವರು ಕೋಟು ತೆಗೆದುಕೊಳ್ಳಲು ಬಂದಾಗಲೆಲ್ಲ ಇವನು ಎದ್ದು ನಿಲ್ಲಬೇಕಿತ್ತು. ವ್ಲಾಸ್ತಾ ಝಿಝ್ಕೋವ್ ಬಡಾವಣೆಯ ನಾಲ್ಕನೇ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆಯಲ್ಲಿ ತಾಯಿಯ ಜೊತೆ ಇದ್ದಳು. ಮನೆ ಇದ್ದದ್ದು ತಾಯಿ ಹೆರ್ಮೀನಾ ಅಮ್ಮನ ಹೆಸರಲ್ಲಿ. ಎಂಬತ್ತರ ಮುದುಕಿ, ನಾಲಿಗೆ ಮಾತ್ರ ಹದಿನೆಂಟರದು. ಆಕೆಯ ಗೊರಕೆಯ ಮೇಲೆ ಕೆಳಗಿನ ಮನೆಯವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು.

ವ್ಲಾಸ್ತಾಳದು ಒಂದೇ ಷರತ್ತು. ಯಾರು ಬಂದರೂ ಅಮ್ಮ ಅಲ್ಲೇ ಇರುತ್ತಾಳೆ. ಓತ್ಮಾರ್‌ಗಿಂತ ಮುಂಚೆ ಇಬ್ಬರು ಬಂದಿದ್ದರು. ಇಬ್ಬರೂ "ಊರಾಚೆಯ ವೃದ್ಧಾಶ್ರಮದಲ್ಲಿ ತೋಟ ಚೆನ್ನಾಗಿದೆಯಂತೆ" ಎಂದು ಮಾತು ತೆಗೆದು, ಕಾಫಿ ಮುಗಿಸುವ ಮುಂಚೆ ಮೆಟ್ಟಿಲಿಳಿದಿದ್ದರು. ಇದು ಇಡೀ ಡಿಪೋಗೆ ಗೊತ್ತಿತ್ತು.

"ಕೇಳಲೇನೋ ಲುಬೋರ್, ನೀನೇನಂತೀಯ?" ಎಂದು ಓತ್ಮಾರ್ ಬಿಯರ್ ಅಂಗಡಿಯಲ್ಲಿ ನನ್ನನ್ನು ಕೇಳಿದ.

"ಕೇಳು."

ಆಮೇಲೆ ಪಕ್ಕದ ಮೇಜಿನವರನ್ನು ಕೇಳಿದ. ಬಿಯರ್ ತರುವವನನ್ನು ಕೇಳಿದ. ಬಾಗಿಲ ಬಳಿ ಮಲಗಿದ್ದ ನಾಯಿಯ ಮುಖವನ್ನೂ ಒಂದು ಗಳಿಗೆ ನೋಡಿದ. ಎಲ್ಲರೂ ಕೇಳು ಅಂದರು. ಹಾಗಾದರೆ ಶನಿವಾರ ಸಿನಿಮಾ ಮುಗಿದ ಮೇಲೆ ಅಲ್ಲೇ ತಿಂಡಿಯ ಕೌಂಟರಿನ ಹತ್ತಿರ ಕೇಳುತ್ತೇನೆ ಎಂದು ನಿಶ್ಚಯಿಸಿದ.

ಅದು ಮತ ಹಾಕುವ ಸಿನಿಮಾ. ಯೂನಿಯನ್ ಇಡೀ ಡಿಪೋಗೆ ಟಿಕೆಟ್ ತರಿಸಿತ್ತು. ಪೇಟೆಯ ನಡುವಿನ ಒಂದು ಓಣಿಯಲ್ಲಿ ಆ ಥಿಯೇಟರು. ಪ್ರತಿ ಸೀಟಿನ ಕೈಗೆ ಎರಡು ಗುಂಡಿ, ಒಂದು ಹಸಿರು, ಒಂದು ಕೆಂಪು. ಕಥೆ ಒಂದು ಇಕ್ಕಟ್ಟಿಗೆ ಬಂದಾಗ ಚಿತ್ರ ನಿಲ್ಲುತ್ತದೆ. ಚಿತ್ರದಲ್ಲಿ ನಾಯಕನಾಗಿದ್ದವನೇ ಕಪ್ಪು ಸೂಟು ಹಾಕಿಕೊಂಡು ಪರದೆಯ ಪಕ್ಕದಿಂದ ವೇದಿಕೆಗೆ ಬಂದು, ಮುಂದೇನು ಮಾಡಲಿ ಎಂದು ನಮ್ಮನ್ನು ಕೇಳುತ್ತಾನೆ. ನಾವು ಗುಂಡಿ ಒತ್ತುತ್ತೇವೆ. ಹೆಚ್ಚು ಜನ ಏನು ಹೇಳಿದರೋ ಕಥೆ ಆ ಕಡೆ ಹೋಗುತ್ತದೆ. ಪರದೆಯ ಸುತ್ತ, ಪಟದ ಚೌಕಟ್ಟಿನ ಹಾಗೆ, ಸೀಟುಗಳ ನಂಬರು ಸಾಲಾಗಿವೆ. ಯಾರು ಹಸಿರು ಒತ್ತಿದರೋ ಅವರ ನಂಬರು ಹಸಿರಾಗಿ ಬೆಳಗುತ್ತದೆ, ಯಾರು ಕೆಂಪು ಒತ್ತಿದರೋ ಅವರದು ಕೆಂಪಾಗಿ. ಅಲ್ಲಿಗೆ ಯಾರ ಮನಸ್ಸಿನಲ್ಲೇನಿದೆ ಅನ್ನುವುದು ಇಡೀ ಹಾಲಿಗೆ ಕಾಣುತ್ತದೆ.

ಕಾಮ್ರೇಡ್ ಬೆರ್ಕಾ ಮೊದಲ ಸಾಲಿನಲ್ಲಿ ಮೂರನೇ ನಂಬರು, ಪಕ್ಕದಲ್ಲಿ ಅವರ ಹೆಂಡತಿ ನಾಲ್ಕು. ನಾವು ಮಧ್ಯದಲ್ಲಿ: ಹೆರ್ಮೀನಾ ಅಮ್ಮ ನಲವತ್ತೈದು, ವ್ಲಾಸ್ತಾ ನಲವತ್ತಾರು, ಓತ್ಮಾರ್ ನಲವತ್ತೇಳು, ನಾನು ನಲವತ್ತೆಂಟು. ಹಿಂದೆ ಒಂದಿಷ್ಟು ಕಾಲೇಜು ಹುಡುಗರು. ಓತ್ಮಾರ್ ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ಯಾರ ಮದುವೆಯದೋ ಗೊತ್ತಿಲ್ಲ, ತೋಳು ಮೊಣಕೈಗೇ ಮುಗಿಯುತ್ತಿತ್ತು.

ಕಥೆಯ ನಾಯಕ ಹೂಗೋ ಎಂಬ ಪಿಯಾನೋ ರಿಪೇರಿಯವನು. ಒಂದು ಕಡೆ ಅವನ ಟೋಪಿ ಗಾಳಿಗೆ ಹಾರಿಹೋಗುತ್ತದೆ, ಅವನು ಓಡುವ ಟ್ರ್ಯಾಮಿನಲ್ಲಿದ್ದಾನೆ. ಹಾರಬೇಕೋ ಬೇಡವೋ? ಚಿತ್ರ ಮಾಡಿದವರು ಜನ ಹಾರು ಅಂತಲೇ ಹೇಳುತ್ತಾರೆ ಎಂದುಕೊಂಡಿದ್ದರು. ಆದರೆ ಅವತ್ತು ಅಲ್ಲಿ ಕೂತಿದ್ದದ್ದು ಟ್ರ್ಯಾಮ್ ಡಿಪೋ. ಓಡುವ ಟ್ರ್ಯಾಮಿನಿಂದ ಹಾರುವುದು ನಿಯಮಕ್ಕೆ ವಿರುದ್ಧ ಎಂದು ಒಬ್ಬರೂ ಬಿಡದೆ ಕೆಂಪು ಒತ್ತಿದೆವು. ಸೂಟಿನವನು ಬೆವರೊರೆಸಿಕೊಂಡ. ಹಾರದೆ ಇದ್ದರೆ ಏನಾಗುತ್ತದೆ ಅನ್ನುವುದನ್ನು ಅವರು ಕಾಟಾಚಾರಕ್ಕೆ ತೆಗೆದಿದ್ದರು. ಹೂಗೋ ಕೊನೆಯ ನಿಲ್ದಾಣದ ತನಕ ಸುಮ್ಮನೆ ಕೂತುಕೊಂಡು ಹೋದ, ನಾವೂ ಸುಮ್ಮನೆ ಕೂತು ನೋಡಿದೆವು. ಬೆರ್ಕಾ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಆ ಮತದಲ್ಲೂ ಓತ್ಮಾರ್‌ನ ದೀಪ ಕೊನೆಯದು. ವ್ಲಾಸ್ತಾ ಅದನ್ನು ನೋಡಿದಳು. "ನಿದ್ದೆ ಬಂತಾ?" ಎಂದು ಮೊಣಕೈಯಲ್ಲಿ ತಿವಿದಳು.

"ಯೋಚನೆ ಮಾಡ್ತಿದ್ದೆ," ಅಂದ ಓತ್ಮಾರ್.

ಆಮೇಲೆ ಹೂಗೋಗೆ ಮದುವೆಯಾಯಿತು. ಅವನಿಗೂ ಮನೆ ಇಲ್ಲ. ಅತ್ತೆಯ ಮನೆಗೇ ಹೋಗಿ ಸೇರಿಕೊಂಡ. ಅತ್ತೆ ಟ್ಯೂಬಾ ಊದುವವಳು, ಹಂಡೆಯಷ್ಟು ದೊಡ್ಡ ಹಿತ್ತಾಳೆ ವಾದ್ಯ, ಅದು ಇದ್ದ ಕಡೆ ಮನುಷ್ಯರಿಗೆ ಜಾಗವಿಲ್ಲ. ಅತ್ತೆ ಅದನ್ನು ತಬ್ಬಿಕೊಂಡು ಮಂಚದ ಅಂಚಿನಲ್ಲಿ ಕೂತಿದ್ದಾಗ ಚಿತ್ರ ನಿಂತಿತು. ಸೂಟಿನವನು ಬಂದ.

"ಅತ್ತೆ ಮನೆಯಲ್ಲೇ ಇರಲಿ ಅನ್ನೋರು ಹಸಿರು ಒತ್ತಿ. ವೃದ್ಧಾಶ್ರಮಕ್ಕೆ ಕಳಿಸು ಅನ್ನೋರು ಕೆಂಪು. ಗಂಟೆ ಹೊಡೆಯೋ ತನಕ ಮನಸ್ಸು ಬದಲಾಯಿಸ್ಕೋಬಹುದು."

ನಾನು ಹೆರ್ಮೀನಾ ಅಮ್ಮನ ಕಡೆ ನೋಡಿದೆ. ಪಕ್ಕದಲ್ಲಿ ಓತ್ಮಾರ್ ಕೋಟಿನ ಗಿಡ್ಡ ತೋಳನ್ನು ಕೆಳಕ್ಕೆ ಎಳೆದುಕೊಂಡ.

ಮೊದಲು ಬೆಳಗಿದ್ದು ನಲವತ್ತಾರು. ಹಸಿರು. ವ್ಲಾಸ್ತಾ ಪ್ರಶ್ನೆ ಪೂರ್ತಿ ಮುಗಿಯಲೂ ಬಿಟ್ಟಿರಲಿಲ್ಲ. ಅದರ ಹಿಂದೆಯೇ ನಲವತ್ತೇಳು, ಹಸಿರು. ಜನ್ಮದಲ್ಲೇ ಮೊದಲ ಸಲ ಓತ್ಮಾರ್ ಯಾರಿಗೂ ಕಾಯದೆ ಮತ ಹಾಕಿದ್ದ. ಚೌಕಟ್ಟಿನಲ್ಲಿ ಅವೆರಡೇ ದೀಪ, ಅಕ್ಕಪಕ್ಕ. ವ್ಲಾಸ್ತಾ ಈ ಕಡೆ ತಿರುಗಿ ಅವನನ್ನು ನೋಡಿದಳು. ನಮ್ಮ ಕ್ಯಾಂಟೀನಿನಲ್ಲಿ ಅವಳು ಆ ಥರ ಯಾರನ್ನೂ ನೋಡಿದ್ದನ್ನು ನಾನು ಕಂಡಿಲ್ಲ. ಇನ್ನು ತಿಂಡಿಯ ಕೌಂಟರಿನ ತನಕ ಹೋಗುವ ಅಗತ್ಯವೇ ಇಲ್ಲ ಅಂದುಕೊಂಡೆ.

ಆಗ ಮೂರನೇ ನಂಬರು ಕೆಂಪಾಯಿತು.

ಬೆರ್ಕಾ ಒತ್ತಿದರು. ಒಡನೆಯೇ ನಾಲ್ಕು ಕೆಂಪು, ಐದು ಕೆಂಪು, ಆರು ಕೆಂಪು. ಮೊದಲ ಸಾಲು ಮುಗಿದು ಎರಡನೆಯದು. ದಡಾರದ ಹಾಗೆ ಹರಡುತ್ತಾ ಚೌಕಟ್ಟು ಪೂರ್ತಿ ಕೆಂಪಾಗುತ್ತಾ ಬಂತು. ನಲವತ್ತೆಂಟೂ ಕೆಂಪಾಯಿತು. ಅದು ನನ್ನದು. ಯಾವಾಗ ಒತ್ತಿದೆನೋ ಗೊತ್ತಿಲ್ಲ, ಬೆರಳು ನನ್ನನ್ನು ಕೇಳದೇ ಹೋಗಿತ್ತು. ಹಿಂದಿನ ಹುಡುಗರು ತಮಾಷೆಗೆಂದು ಕೆಂಪು ಒತ್ತಿ ಸಿಳ್ಳೆ ಹಾಕಿದರು. ನಲವತ್ತೈದೂ ಕೆಂಪು.

"ಅಮ್ಮಾ, ನೀನೂನಾ?" ಅಂದಳು ವ್ಲಾಸ್ತಾ.

"ಆಶ್ರಮದಲ್ಲಿ ಆ ಮುದುಕಿ ಟ್ಯೂಬಾ ಊದೋದು ನೋಡ್ಬೇಕು ಕಣೇ ನಂಗೆ," ಅಂದರು ಹೆರ್ಮೀನಾ ಅಮ್ಮ. "ಸುಮ್ನಿರು, ಇದು ಸಿನಿಮಾ."

ಇಡೀ ಚೌಕಟ್ಟಿನಲ್ಲಿ ಹಸಿರು ಉಳಿದದ್ದು ಎರಡೇ. ಓತ್ಮಾರ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮುಂದೆ ಬೆರ್ಕಾರ ಬೋಳು ತಲೆ ನೋಡಿದ. ಸೂಟಿನವನು "ಇನ್ನು ಸ್ವಲ್ಪವೇ ಹೊತ್ತು" ಅಂದ. ನಾನು ಓತ್ಮಾರ್‌ನ ಕೈ ನೋಡುತ್ತಿದ್ದೆ. ಅದು ಹಸಿರಿನ ಮೇಲಿಂದ ಎದ್ದು, ತೂಕಡಿಸುವವನ ತಲೆಯ ಹಾಗೆ ಆ ಕಡೆ ವಾಲಿತು.

ನಲವತ್ತೇಳು ಕೆಂಪಾಯಿತು. ಗಂಟೆ ಹೊಡೆಯಿತು. ನಲವತ್ತಾರು ಒಂದೇ ಹಸಿರಾಗಿ ಉಳಿಯಿತು, ಹಲ್ಲೆಲ್ಲ ಬಿದ್ದ ಬಾಯಲ್ಲಿ ಉಳಿದ ಒಂದು ಹಲ್ಲಿನಂತೆ.

ವ್ಲಾಸ್ತಾ ಅವನ ಕಡೆ ತಿರುಗಲಿಲ್ಲ. ಪರದೆಯನ್ನೇ ನೋಡುತ್ತಿದ್ದಳು.

ಆ ಸೂಟಿನವನಿಗೆ ಒಂದು ಅಭ್ಯಾಸವಿತ್ತು. ಮಧ್ಯೆ ಮಧ್ಯೆ ಒಂದು ನಂಬರು ಕರೆದು, ಯಾಕೆ ಹಾಗೆ ಒತ್ತಿದಿರಿ ಎಂದು ಕೇಳಿ ನಗಿಸುವುದು. ಅವನು ಚೌಕಟ್ಟಿಗೆ ಬೆರಳು ತೋರಿಸಿದ.

"ನಲವತ್ತೇಳನೇ ಸೀಟಿನವರು ದಯವಿಟ್ಟು ಎದ್ದು ನಿಲ್ತೀರಾ?"

ಓತ್ಮಾರ್ ಎದ್ದ. ದೀಪ ಅವನ ಮುಖಕ್ಕೆ ಬಿತ್ತು.

"ನೀವು ಮೊದಲು ಹಸಿರು ಒತ್ತಿದ್ರಿ, ಆಮೇಲೆ ಕೆಂಪು. ಎಲ್ಲರೂ ನೋಡಿದ್ವಿ. ಅಷ್ಟರಲ್ಲೇ ಏನಾಯ್ತು, ಅತ್ತೆ ಮೇಲೆ ಸಿಟ್ಟು ಬಂತಾ?"

ಹುಡುಗರು ನಕ್ಕರು.

"ಇಲ್ಲ," ಅಂದ ಓತ್ಮಾರ್.

"ಮತ್ತೆ ಟ್ಯೂಬಾ ಮೇಲಾ?"

"ಇಲ್ಲ."

"ಹಾಗಾದ್ರೆ?"

ಏನು ಬೇಕಾದರೂ ಹೇಳಬಹುದಿತ್ತು. ಕೈ ಜಾರಿತು ಅನ್ನಬಹುದಿತ್ತು. ಆದರೆ ಓತ್ಮಾರ್‌ಗೆ ಎದ್ದು ನಿಂತು ಸುಳ್ಳು ಹೇಳಿ ರೂಢಿಯಿಲ್ಲ. ಎದ್ದು ನಿಂತೇ ರೂಢಿಯಿಲ್ಲ.

"ಮೂರನೇ ಸೀಟು ಕೆಂಪಾಗಿತ್ತು," ಅಂದ.

ಹುಡುಗರು ಇನ್ನೂ ಜೋರಾಗಿ ನಕ್ಕರು. ಡಿಪೋದವರು ನಗಲಿಲ್ಲ. ಸೂಟಿನವನಿಗೆ ಇದು ಅರ್ಥವಾಗಲಿಲ್ಲ, ಪಾಪ, ಅವನು ಇನ್ನೂ ನಗಿಸುವ ಹುರುಪಿನಲ್ಲಿದ್ದ. "ಮೂರನೇ ಸೀಟಿನಲ್ಲಿ ಯಾರಪ್ಪ ಅಂಥೋರು, ಸ್ವಲ್ಪ ಏಳಿ" ಅಂದ. ಕಾಮ್ರೇಡ್ ಬೆರ್ಕಾ ಏಳಬೇಕಾಯಿತು.

"ನೀವ್ಯಾಕೆ ಸ್ವಾಮಿ ಕೆಂಪು ಒತ್ತಿದ್ರಿ?"

ಬೆರ್ಕಾ ಗಂಟಲು ಸರಿಮಾಡಿಕೊಂಡರು. ಮುಂದಿನ ಐದು ವರ್ಷದ ಯೋಜನೆ ಅನ್ನುತ್ತಾರೇನೋ ಅಂದುಕೊಂಡೆ. "ನಮ್ಮತ್ತೆ ನಮ್ಮನೇಲೇ ಇದಾರೆ," ಅಂದರು. "ಬಹಳ ವರ್ಷ ಆಯ್ತು."

ಅಷ್ಟೇ ವಿಷಯ. ಪಕ್ಷದ ನಿಲುವೂ ಇಲ್ಲ, ಯೂನಿಯನ್ನಿನ ಸೂಚನೆಯೂ ಇಲ್ಲ. ಒಬ್ಬ ಮನುಷ್ಯನಿಗೆ ಅತ್ತೆಯ ಕಾಟ ಸಾಕಾಗಿತ್ತು, ಅದನ್ನು ನಾವೆಲ್ಲ ಆದೇಶ ಎಂದುಕೊಂಡು ಪಾಲಿಸಿದ್ದೆವು. ಎಲ್ಲರ ಕಣ್ಣೂ ನಾಲ್ಕನೇ ನಂಬರಿನ ಮೇಲೆ ಹೋಯಿತು. ಬೆರ್ಕಾರ ಹೆಂಡತಿಯದು. ಅದೂ ಕೆಂಪಾಗಿತ್ತು. ಆಕೆ ಕಳಿಸಿದ್ದು ತನ್ನ ಸ್ವಂತ ತಾಯಿಯನ್ನು. ಆಕೆ ಕೈಚೀಲದಲ್ಲಿ ಏನನ್ನೋ ಹುಡುಕಲು ಶುರುಮಾಡಿದರು, ಚಿತ್ರ ಮುಗಿಯುವ ತನಕ ಹುಡುಕುತ್ತಲೇ ಇದ್ದರು.

ಮುಂದಿನ ಚಿತ್ರ ನನಗೆ ಸರಿಯಾಗಿ ನೆನಪಿಲ್ಲ. ಆಶ್ರಮದಲ್ಲಿ ಮುದುಕಿ ಟ್ಯೂಬಾ ಊದಿದಳು, ಕಿಟಕಿಯ ಗಾಜು ಒಡೆಯಿತು, ಮುದುಕರೆಲ್ಲ ಕುಣಿದರು. ನಮ್ಮವರಲ್ಲಿ ನಕ್ಕಿದ್ದು ಹೆರ್ಮೀನಾ ಅಮ್ಮ ಒಬ್ಬರೇ. ಉಳಿದವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಪಾಲಿಶ್ ಹಾಕಿದ ಬೂಟುಗಳು, ಸಿನಿಮಾಗೆಂದೇ ಹಾಕಿದ್ದು.

ತಿಂಡಿಯ ಕೌಂಟರಿನ ಹತ್ತಿರ ಓತ್ಮಾರ್ ಒಂದು ತಟ್ಟೆ ತಂದ. ಬ್ರೆಡ್ಡಿನ ಮೇಲೆ ಆಲೂಗಡ್ಡೆ, ಹಂದಿಮಾಂಸ, ಮೊಟ್ಟೆಯ ಬಿಲ್ಲೆ. ಹೆರ್ಮೀನಾ ಅಮ್ಮ ಒಂದು ಎತ್ತಿಕೊಂಡರು. ವ್ಲಾಸ್ತಾ ಎತ್ತಿಕೊಳ್ಳಲಿಲ್ಲ.

"ವ್ಲಾಸ್ತಾ, ಅದು ಬರೀ ಸಿನಿಮಾ," ಅಂದ ಓತ್ಮಾರ್.

"ಹೌದು."

"ಸಿಟ್ಟಾ?"

"ಸಿಟ್ಟಿಲ್ಲ. ನಿಂಗೆ ಅಮ್ಮ ಬೇಡ್ವಾ, ಬೇಡ ಅನ್ನು. ನಾನು ಜಗಳ ಆಡ್ತೀನಿ, ಕಿರಿಚ್ತೀನಿ, ಏನೋ ಒಂದಾಗುತ್ತೆ. ಆದ್ರೆ ನೀನು ಬೇಡ ಅಂತಾನೂ ಅನ್ನಲಿಲ್ಲ. ಬೇರೆಯವರ ಬೇಡಾನ ಎತ್ಕೊಂಡು ನಿಂದು ಅಂತ ಇಟ್ಟೆ." ಅವಳು ಕೋಟಿನ ಗುಂಡಿ ಹಾಕಿಕೊಂಡಳು. "ನಿನ್ನ ದೀಪ ಹಸಿರಾದಾಗ ನಾನು ಅಮ್ಮನ ಕೈ ಹಿಡ್ಕೊಂಡಿದ್ದೆ. ನೋಡು ಅಂತ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ. ಪಕ್ಕದಲ್ಲಿ ಕೂತ್ಕೊಂಡು ಒಂಟಿ ಮಾಡಿದ್ಯಲ್ಲೋ."

ಓತ್ಮಾರ್ ತಟ್ಟೆ ಹಿಡಿದುಕೊಂಡು ನಿಂತೇ ಇದ್ದ. ಕೇಳಬೇಕಾದದ್ದನ್ನು ಕೇಳಲಿಲ್ಲ. ಹೆರ್ಮೀನಾ ಅಮ್ಮ ಹೋಗುವ ಮುಂಚೆ ಇನ್ನೊಂದು ಬ್ರೆಡ್ಡು ಎತ್ತಿ ಕರವಸ್ತ್ರದಲ್ಲಿ ಸುತ್ತಿಕೊಂಡರು.

ಸೋಮವಾರದಿಂದ ಕ್ಯಾಂಟೀನಿನಲ್ಲಿ ಯಾರೂ ತಲೆ ಎತ್ತಿ ಉಣ್ಣಲಿಲ್ಲ. ಮೊದಲೆಲ್ಲ ಅಲ್ಲಿ ಎಷ್ಟು ಗದ್ದಲವಿರುತ್ತಿತ್ತೆಂದರೆ ಹೊರಗೆ ಟ್ರ್ಯಾಮಿನ ಗಂಟೆ ಕೇಳಿಸುತ್ತಿರಲಿಲ್ಲ. ಈಗ ಚಮಚೆಯ ಸದ್ದೊಂದೇ. ಬೆರ್ಕಾ ದಿನವೂ ಅತ್ತೆಗೆಂದು ಒಂದು ಪೊಟ್ಟಣ ಕಟ್ಟಿಸಿಕೊಂಡು ಹೋಗತೊಡಗಿದರು. ವ್ಲಾಸ್ತಾ ಯಾರಿಗೂ ಕಡಿಮೆ ಬಡಿಸಲಿಲ್ಲ, ಯಾರನ್ನೂ ಬೈಯಲಿಲ್ಲ. ಓತ್ಮಾರ್‌ಗೆ ಎಲ್ಲರಿಗೆ ಕೊಟ್ಟಷ್ಟೇ ಉಂಡೆ ಕೊಟ್ಟಳು. ಅವನು ಅದನ್ನು ತಟ್ಟೆಯಲ್ಲಿ ಅತ್ತಿತ್ತ ಉರುಳಿಸುತ್ತಾ ಕೂತಿರುತ್ತಿದ್ದ.

ಮುಂದಿನ ಮೀಟಿಂಗಿನಲ್ಲಿ ಒಂದು ನಿರ್ಣಯ ಬಂತು. ಬೆರ್ಕಾ ಓದಿದರು. ನಾವು ಕೈ ಎತ್ತಿದೆವು. "ವಿರೋಧ?" ಎಂದು ಬೆರ್ಕಾ ಎಂದಿನಂತೆ ಕಾಗದ ಮಡಿಸುತ್ತಲೇ ಕೇಳಿದರು. ಅದು ಕೇಳುವ ಪ್ರಶ್ನೆಯಲ್ಲ, ಉಸಿರು ಬಿಡುವ ರೀತಿ. ಮೂರನೇ ಸಾಲಿನಲ್ಲಿ ಓತ್ಮಾರ್ ಕೈ ಎತ್ತಿದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

ಬೆರ್ಕಾರ ಕೈಯಿಂದ ಕಾಗದ ಬಿತ್ತು. ಗೋಡೆಯ ಮೇಲಿನ ಚಿತ್ರಪಟದಲ್ಲಿದ್ದ ಪಕ್ಷದ ನಾಯಕರೂ ಒಂದು ಸಲ ಈ ಕಡೆ ತಿರುಗಿ ನೋಡಿದರು, ನಾನು ಕಣ್ಣಾರೆ ಕಂಡೆ.

"ವಿರೋಧನಾ, ಓತ್ಮಾರ್?"

"ಹೌದು."

"ಯಾಕೆ?"

"ವಿರೋಧ ಅಷ್ಟೇ."

ನಿರ್ಣಯ ಇದ್ದದ್ದು ಚಾಲಕರಿಗೆ ಚಳಿಗಾಲಕ್ಕೆ ಉಣ್ಣೆಯ ಕೈಗವಸು ಕೊಡಿಸಬೇಕು ಅಂತ.

ಊಟದ ಹೊತ್ತಿಗೆ ಸುದ್ದಿ ಕ್ಯಾಂಟೀನಿಗೆ ಅವನಿಗಿಂತ ಮುಂಚೆ ತಲುಪಿತ್ತು. ಅವನು ತಟ್ಟೆ ಚಾಚಿ ನಿಂತ, ಮುಖದಲ್ಲಿ ಒಂದು ಸಣ್ಣ ಆಸೆ.

"ಕೈಗವಸು ಬೇಡ್ವಂತೆ ನಿಂಗೆ," ಅಂದಳು ವ್ಲಾಸ್ತಾ.

"ಬೇಕು."

"ಮತ್ತೆ?"

"ಒಬ್ಬನೇ ಆಗೋದು ಹೇಗೆ ಅಂತ ಕಲೀತಿದ್ದೆ."

ವ್ಲಾಸ್ತಾ ಸೌಟು ಎತ್ತಿಹಿಡಿದು ಅವನನ್ನು ನೋಡಿದಳು. "ಇದನ್ನೂ ನೀನು ಅವರನ್ನ ನೋಡ್ಕೊಂಡೇ ಮಾಡಿದ್ದು ಓತ್ಮಾರ್. ಮುಂಚೆ ಅವರ ಹಾಗೆ ಮಾಡ್ತಿದ್ದೆ, ಈಗ ಅವರಿಗೆ ಉಲ್ಟಾ. ಮುಂದೆ ಹೋಗು, ಹಿಂದೆ ಜನ ನಿಂತಿದಾರೆ."

ಅವನ ಕುತ್ತಿಗೆಯಿಂದ ಕಿವಿಯ ತನಕ ಕೆಂಪೇರಿತು. ಹಿಂದೆ ನಿಂತಿದ್ದವನು ನಾನು. ನನಗೂ ಸಾರು ಬೇಡವಾಯಿತು, ಆದರೂ ಹಾಕಿಸಿಕೊಂಡೆ.

ಎರಡು ದಿನ ಬಿಟ್ಟು ಹೆರ್ಮೀನಾ ಅಮ್ಮ ಓತ್ಮಾರ್‌ನ ಟ್ರ್ಯಾಮ್ ಹತ್ತಿದರು. ನಾನು ಆ ಗಾಡಿಯಲ್ಲಿ ಟಿಕೆಟ್ ತಪಾಸಣೆಗಿದ್ದೆ. 'ಚಾಲಕರ ಜೊತೆ ಮಾತಾಡಬಾರದು' ಎಂಬ ಬೋರ್ಡಿಗೆ ಬೆನ್ನು ಒರಗಿಸಿಕೊಂಡು ನಿಂತು ಮಾತಾಡಿದರು.

"ಭಾನುವಾರ ಮಧ್ಯಾಹ್ನ ಮನೆಗೆ ಬಾ."

"ವ್ಲಾಸ್ತಾ ಹೇಳಿದ್ಲಾ ಅಮ್ಮ?"

"ಮನೆ ನನ್ನ ಹೆಸರಲ್ಲಿದೆ. ನಾನು ಹೇಳ್ತಿದೀನಿ."

ಒಬ್ಬನೇ ಹೋಗಲು ಆಗದೆ ಅವನು ನನ್ನನ್ನು ಎಳೆದುಕೊಂಡು ಹೋದ. ಬಾಗಿಲಲ್ಲೇ ಬೂಟು ಬಿಚ್ಚಿ ಅವರು ಕೊಟ್ಟ ಮನೆ ಚಪ್ಪಲಿ ಮೆಟ್ಟಿಕೊಂಡೆವು. ಅವನ ಪಾಲಿಗೆ ಬಂದದ್ದು ಹೆರ್ಮೀನಾ ಅಮ್ಮನ ನೇರಳೆ ಬಣ್ಣದ ಚಪ್ಪಲಿ, ಹಿಮ್ಮಡಿ ಅರ್ಧ ಹೊರಗೆ. ಅಡುಗೆಮನೆಯಲ್ಲಿ ಕಾಫಿ, ಪ್ಲಮ್ ಹಣ್ಣು ಹಾಕಿದ ಕೇಕು. ವ್ಲಾಸ್ತಾ ಒಲೆಯ ಹತ್ತಿರ ನಿಂತಿದ್ದಳು. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ.

"ನೋಡಪ್ಪ," ಅಂದರು ಹೆರ್ಮೀನಾ ಅಮ್ಮ. "ನಾನು ಗೊರಕೆ ಹೊಡೀತೀನಿ. ಬೆಳಕು ಹರಿಯೋ ಮುಂಚೆ ಎದ್ದು ರೇಡಿಯೋ ಹಾಕ್ತೀನಿ. ನಿನ್ನ ಮಂಚ ಬರೋದು ನನ್ನ ಗೋಡೆಗೆ ಅಂಟ್ಕೊಂಡೇ. ಈ ಮುದುಕಿ ಇಲ್ಲಿರಬೇಕಾ, ಹೋಗಬೇಕಾ? ಸಿನಿಮಾದ್ದಲ್ಲ, ಇದು. ಹೇಳು."

ಓತ್ಮಾರ್ ವ್ಲಾಸ್ತಾಳ ಮುಖ ನೋಡಿದ.

"ಅವಳನ್ನ ನೋಡ್ಬೇಡ," ಅಂದರು ಅಮ್ಮ. "ವ್ಲಾಸ್ತಾ, ಒಲೆ ಕಡೆ ತಿರುಗು."

ಓತ್ಮಾರ್ ನನ್ನ ಮುಖ ನೋಡಿದ.

"ಅವನನ್ನೂ ನೋಡ್ಬೇಡ. ಏ ಲುಬೋರ್, ಆ ಕಪಾಟಿನ ಕಡೆ ತಿರುಗು. ನಾನು ಕಿಟಕಿ ನೋಡ್ತೀನಿ. ನೀನು ಗೋಡೆ ನೋಡ್ಕೊಂಡು ಮಾತಾಡು ಮಗನೇ. ಗೋಡೆಗೆ ಅಭಿಪ್ರಾಯ ಇರಲ್ಲ."

ನಾವು ನಾಲ್ಕು ಜನ ನಾಲ್ಕು ದಿಕ್ಕಿಗೆ ಮುಖ ಮಾಡಿ ನಿಂತೆವು. ನನ್ನ ಮುಂದೆ ಉಪ್ಪಿನಕಾಯಿ ಸೌತೆಯ ಜಾಡಿಗಳು. ಒಂದೊಂದೂ ನನ್ನನ್ನೇ ನೋಡುವ ಹಾಗಿತ್ತು. ಕೆಳಗೆ ಬೀದಿಯಲ್ಲಿ ಒಂದು ಟ್ರ್ಯಾಮ್ ಹೋಯಿತು, ಇನ್ನೊಂದು ಹೋಯಿತು.

"ವ್ಲಾಸ್ತಾ," ಅಂದ ಕೊನೆಗೆ. ಗೋಡೆಗೆ ಹೇಳುತ್ತಿದ್ದರಿಂದ ದನಿ ಬಾವಿಯೊಳಗಿಂದ ಬಂದಂತಿತ್ತು. "ಒಂದು ಹೇಳಬೇಕು. ಆ ಹಸಿರೂ ನಂದಲ್ಲ."

ಯಾರೂ ತಿರುಗಲಿಲ್ಲ.

"ನಿನ್ನ ಬೆರಳು ಹೋಗಿದ್ದು ಕಾಣಿಸ್ತು. ಅದಕ್ಕೇ ನಾನೂ ಒತ್ತಿದೆ. ಆಮೇಲೆ ಬೆರ್ಕಾ ಒತ್ತಿದ್ರು, ಅದನ್ನೂ ಒತ್ತಿದೆ. ಎಲ್ಲರೂ ಅಂದ್ಕೊಂಡಿದಾರೆ ಮೊದಲನೇದು ನನ್ನ ಮನಸ್ಸು, ಎರಡನೇದು ಹೆದರಿಕೆ ಅಂತ. ಮನಸ್ಸು ಇರಲೇ ಇಲ್ಲ. ಅವತ್ತು ನಿದ್ದೆ ಬಂತಾ ಅಂತ ನೀನು ಕೇಳಿದಾಗ್ಲೂ ಯೋಚನೆ ಮಾಡ್ತಿದ್ದೆ ಅಂದೆ. ಯೋಚನೆ ಮಾಡ್ತಿರಲಿಲ್ಲ."

ಆ ಮೊದಲ ಹಸಿರನ್ನು ನಾನೂ ನಂಬಿದ್ದೆ. ಡಿಪೋದಲ್ಲಿ 'ಪಾಪ, ಮನಸ್ಸು ಒಳ್ಳೆಯದು, ಧೈರ್ಯ ಸಾಲದು' ಎಂದು ಅವನ ಪರವಾಗಿ ಹೇಳಿಕೊಂಡು ತಿರುಗಿದ್ದೆ. ಈಗ ನನ್ನ ಕುತ್ತಿಗೆಯೂ ಬಿಸಿಯಾಯಿತು.

"ಅದು ಸರಿ," ಅಂದರು ಹೆರ್ಮೀನಾ ಅಮ್ಮ. "ಈಗ ಏನು?"

"ಗೊತ್ತಿಲ್ಲಮ್ಮ."

"ಗೊತ್ತಾಗೋ ತನಕ ನಿಲ್ಲು. ಬಿಯರ್ ಅಂಗಡಿಗೆ ಹೋಗಿ ಕೇಳ್ಕೊಂಡು ಬರೋ ಹಾಗಿಲ್ಲ."

ಅವನು ನಿಂತ. ಕಾಫಿ ಆರಿತು. ನನ್ನ ಮೂಗು ಕೆರೆಯಿತು, ತಿರುಗಿದ ಹಾಗಾಗುತ್ತದೇನೋ ಎಂದು ಕೆರೆದುಕೊಳ್ಳಲಿಲ್ಲ. ಒಮ್ಮೆ ಅವನ ಚಪ್ಪಲಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಹೊರಟೇಬಿಟ್ಟ ಅಂದುಕೊಂಡೆ. ಹೊರಟಿರಲಿಲ್ಲ.

"ನಂಗೆ ಭಯ," ಅಂದ. "ಎರಡು ಕೋಣೇಲಿ ಮೂರು ಜನ. ಇಷ್ಟು ವರ್ಷ ಒಬ್ಬನೇ ಮಲಗಿದೀನಿ. ನಿಮ್ಮ ಗೊರಕೆಗೆ ನಂಗೆ ನಿದ್ದೆ ಬರಲ್ಲ ಅಮ್ಮ, ನಿದ್ದೆ ಇಲ್ದೆ ಟ್ರ್ಯಾಮ್ ಓಡಿಸಬಾರದು. ಬೆಳಿಗ್ಗೆ ರೇಡಿಯೋ ಹಾಕಿದ್ರೆ ನಾನು ಆರಿಸ್ತೀನಿ. ನೀವು ಮತ್ತೆ ಹಾಕ್ತೀರ. ಜಗಳ ಆಗುತ್ತೆ." ಅವನು ಉಸಿರೆಳೆದುಕೊಂಡ. "ಆದ್ರೂ ನಿಮ್ಮನೆಗೆ ನಾನು ಬಂದು, ನಿಮ್ಮನ್ನ ಕಳಿಸೋದು ಸರಿಯಲ್ಲ. ಅದು ಆಗಲ್ಲ. ಎಲ್ಲರೂ ಸರಿ ಅಂದ್ರೂ ಆಗಲ್ಲ. ನೀವು ಇಲ್ಲೇ ಇರಬೇಕು. ನಂಗೇ ಆಗ್ದೆ ಇದ್ರೆ ನಾನು ಹೋಗಬೇಕು."

"ರೇಡಿಯೋ ಮುಟ್ಟಿದ್ರೆ ಕೈ ಮುರೀತೀನಿ," ಅಂದರು ಹೆರ್ಮೀನಾ ಅಮ್ಮ ಕಿಟಕಿಗೆ.

ಆಮೇಲೆ ವ್ಲಾಸ್ತಾಳ ದನಿ ಕೇಳಿಸಿತು. ಅವಳೂ ಒಲೆಯ ಕಡೆಗೇ ಮಾತಾಡುತ್ತಿದ್ದಳು. "ಅವತ್ತು ತಿಂಡಿ ಹತ್ರ ಏನೋ ಕೇಳಬೇಕು ಅಂತಿದ್ಯಲ್ಲ. ಊರಿಗೆಲ್ಲ ಗೊತ್ತಿತ್ತು, ನಂಗೊಬ್ಬಳಿಗೆ ಹೇಳಲಿಲ್ಲ."

ಓತ್ಮಾರ್ ಕೇಳಿದ. ಗೋಡೆಯನ್ನು ಕೇಳಿದ. ಎಷ್ಟು ಮೆಲ್ಲಗೆ ಕೇಳಿದನೆಂದರೆ ಸುಣ್ಣಕ್ಕೆ ಮಾತ್ರ ಕೇಳಿಸಿರಬೇಕು. ವ್ಲಾಸ್ತಾ ಇನ್ನೊಂದು ಸಲ ಹೇಳು ಅಂದಳು. ಇನ್ನೊಂದು ಸಲ ಹೇಳಿದ. ನಾನು ಜಾಡಿಯ ಗಾಜಿನಲ್ಲಿ ಅವಳ ಮುಖ ಕಾಣುತ್ತದೇನೋ ಎಂದು ಇಣುಕಿದೆ. ಸೌತೆಕಾಯಿಯೇ ಕಂಡಿತು.

"ಆಗಲಿ," ಅಂದಳು.

ನಾವು ಮೂವರೂ ತಿರುಗಿದೆವು. ಓತ್ಮಾರ್ ತಿರುಗಲಿಲ್ಲ. ಹಣೆ ಗೋಡೆಗೆ ತಾಗಿಸಿ ನಿಂತಿದ್ದ, ಭುಜ ಸ್ವಲ್ಪ ಅಲುಗುತ್ತಿತ್ತು, ಗಿಡ್ಡ ತೋಳಿನ ಕೋಟಿನಿಂದ ಕೈಗಳು ಹೊರಗೆ ಜೋತಿದ್ದವು.

"ತಿರುಗೋ ಮಾರಾಯ, ಒಪ್ಕೊಂಡ್ಳು," ಅಂದೆ.

"ತಾಳೋ," ಅಂದ. "ಮುಖ ತೋರಿಸೋಕಾಗ್ತಿಲ್ಲ."

ವ್ಲಾಸ್ತಾ ಅವನನ್ನು ಹಿಡಿದು ತಿರುಗಿಸಲಿಲ್ಲ. ಏಪ್ರನ್ನಿಗೆ ಕೈ ಒರೆಸಿಕೊಂಡು ಹೋಗಿ ಅವನ ಪಕ್ಕದಲ್ಲಿ, ತಾನೂ ಗೋಡೆಗೆ ಮುಖ ಮಾಡಿಕೊಂಡು ನಿಂತಳು. ಹೆರ್ಮೀನಾ ಅಮ್ಮ ಕುರ್ಚಿ ಎಳೆದುಕೊಂಡು ಕೂತು ನನಗೊಂದು, ತಮಗೊಂದು ಕೇಕಿನ ತುಂಡು ಕೊಯ್ದರು. ನಾವು ಅವರ ಬೆನ್ನು ನೋಡುತ್ತಾ ತಿಂದೆವು.